ಎರಡು ಬೆರಳು ಎಳೆದ ಸ್ವೆಟರುಗಳು

ಹೆಣಿಗೆ ಕಲಿಯಲು ಹೊಸದಾಗಿ ಸೇರಿದ ಹುಡುಗಿಯರು ಮೊನ್ನೆ ನನ್ನನ್ನು ಕರೆಸಿ, ಹಾರ ಹಾಕಿ, “ನಿಮ್ಮ ಕಾಲದ ಸಲಕರಣಿ ಬಗ್ಗೆ ನಾಕು ಮಾತು ಹೇಳ್ರಿ ಅಜ್ಜಾರ” ಎಂದರು. ನಾನು ನಾಲ್ಕರ ಬದಲು ನಾನೂರು ಮಾತಾಡಿದೆ. ನಡುವೆ ಅವರ ಮೇಡಮ್ಮಿನ ದನಿ ತೆಗೆದು ತೋರಿಸಿದೆ. ಮೇಡಮ್ಮಿನ ಮುಖ ಬಿಗಿದುಕೊಂಡ ಮೇಲೆ ಸುಮ್ಮನೆ ಕುಳಿತೆ. ಸಲಕರಣೆಯ ವಿಷಯ ಉಳಿದೇ ಹೋಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಾಗದದ ಮೇಲೆ ದನಿ ತೆಗೆಯಲು ಬರುವುದಿಲ್ಲ, ಮೇಡಮ್ಮು ನಿಶ್ಚಿಂತೆಯಿಂದ ಓದಬಹುದು.

ನನ್ನ ಕೆಲಸ ಇಷ್ಟೇ. ಕೈಯಿಂದ ಹೆಣೆದ ಸ್ವೆಟರು ಕಡ್ಡಿಯಿಂದ ಇಳಿದಾಗ ಸ್ವೆಟರಿನಂತೆ ಕಾಣುವುದಿಲ್ಲ. ನಿದ್ದೆಯಿಂದ ಎಬ್ಬಿಸಿದ ಕೂಸಿನ ಹಾಗೆ ಮುದುಡಿಕೊಂಡು, ಒಂದು ತೋಳು ಮೇಲೆ, ಒಂದು ತೋಳು ಕೆಳಗೆ ಮಾಡಿಕೊಂಡಿರುತ್ತದೆ. ಅದನ್ನು ತಣ್ಣೀರಿನಲ್ಲಿ ನೆನೆಸಬೇಕು. ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಆಮೇಲೆ ಗೆರೆ ಹಾಕಿದ ಹಲಗೆಯ ಮೇಲೆ ಹರವಿ, ಅಳತೆಗೆ ತಂದು, ಅಂಚಿನುದ್ದಕ್ಕೂ ಗುಂಡುಸೂಜಿ ಚುಚ್ಚಿ, ಒಣಗುವವರೆಗೆ ಮುಟ್ಟದೆ ಬಿಡಬೇಕು. ಸೂಜಿ ಕಿತ್ತ ಮೇಲೆ ಉಣ್ಣೆ ಹೇಳಿದ ಮಾತು ಕೇಳಿಕೊಂಡು ಹಾಗೇ ನಿಲ್ಲುತ್ತದೆ. ಎಲ್ಲಿಯವರೆಗೆ? ಮುಂದಿನ ಸಲ ಒಗೆಯುವವರೆಗೆ. ಈ ಕೊನೆಯ ಮಾತು ನಿಮ್ಮ ನೆನಪಿನಲ್ಲಿರಲಿ. ನನ್ನ ನೆನಪಿನಲ್ಲಿ ಇರಲಿಲ್ಲ.

ನಾವು ಉಪ್ಪಿನಬೆಟಗೇರಿಯ ಬಡಿಗೇರರು. ನಮ್ಮಪ್ಪ ಕುಂಟೆ, ಕೂರಿಗೆ, ಬಾಗಿಲು, ತೊಟ್ಟಿಲು ಮಾಡುತ್ತಿದ್ದ. ನಾನು ಊರ ಗೌಡರ ಕೆಮ್ಮು ಮಾಡುತ್ತಿದ್ದೆ. ಗೌಡರಿಗಿಂತ ಚೆನ್ನಾಗಿ ಕೆಮ್ಮಿದ್ದು ಗೌಡರ ಕಿವಿಗೇ ಬಿದ್ದ ಮೇಲೆ ಅಪ್ಪ ನನ್ನನ್ನು ಉಳಿ-ಬಾಚಿಯ ಚೀಲದೊಂದಿಗೆ ಧಾರವಾಡಕ್ಕೆ ಅಟ್ಟಿದ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕನ್ಯಾಶಾಲೆಯೊಂದರಲ್ಲಿ ಹೊಲಿಗೆ-ಹೆಣಿಗೆ ಕಲಿಸಿ ನಿವೃತ್ತರಾದ ಒಬ್ಬ ಅಕ್ಕೋರು ತಮ್ಮ ವಾಡೆಯ ಪಡಸಾಲೆಯಲ್ಲಿ ಹೆಣಿಗೆಯ ಮಂಡಳಿ ನಡೆಸುತ್ತಿದ್ದರು. ಹೆಂಗಸರು ಉಣ್ಣೆ ಒಯ್ದು ಮನೆಯಲ್ಲಿ ಹೆಣೆದು ಶನಿವಾರ ತಂದು ಒಪ್ಪಿಸಬೇಕು. ಅದನ್ನು ಅಕ್ಕೋರು ತೊಳೆದು, ಅಳತೆಗೆ ಕೂಡಿಸಿ, ಗಿರಾಕಿಗಳಿಗೆ ಮುಟ್ಟಿಸಬೇಕು. ಅವರಿಗೆ ಹಲಗೆ ಮಾಡಿಕೊಡುವ ಬಡಿಗ ಬೇಕಾಗಿದ್ದ.

ಮೊದಲ ಕೆಲಸ ಕೈಗವಸಿನ ಹಲಗೆ. ಅಂಗೈ ಆಕಾರದ ತೆಳು ಹಲಗೆ ಕತ್ತರಿಸಿ, ಒದ್ದೆ ಕೈಗವಸನ್ನು ಅದಕ್ಕೆ ತೊಡಿಸಿ ಒಣಗಿಸುವುದು. ಹತ್ತು ಬೇಕೆಂದರು. ನಾನು ಎಡಗೈಯನ್ನು ಹಲಗೆಯ ಮೇಲಿಟ್ಟು, ಬಲಗೈಯಿಂದ ಪೆನ್ಸಿಲ್ ತಿರುಗಿಸಿ, ಹತ್ತನ್ನೂ ಕತ್ತರಿಸಿ, ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಿ ಸಾಲಾಗಿ ಜೋಡಿಸಿದ ಮೇಲೆ ನೋಡುತ್ತೇನೆ: ಹತ್ತೂ ಎಡಗೈ! ಮೊದಲ ದಿನವೇ ಊರ ದಾರಿ ಹಿಡಿಯಬೇಕಾಯಿತಲ್ಲ ಎಂದು, ಪೆನ್ಸಿಲನ್ನು ಎಡಗೈಗೆ ಕೊಟ್ಟು ಬಲಗೈಯ ಗೆರೆ ಎಳೆಯತೊಡಗಿದೆ. ಅದು ಕೈಯಂತೆ ಬರದೆ ಹಸಿ ಶುಂಠಿಯಂತೆ ಬಂತು. ಬೇರೆ ಹಲಗೆ, ಬೇರೆ ಶುಂಠಿ. ಮಧ್ಯಾಹ್ನವೆಲ್ಲ ಹೀಗೆ ಬೆವೆತೆ. ಅಕ್ಕೋರು ಚಹಾ ತಂದಾಗ ತಪ್ಪೊಪ್ಪಿಕೊಂಡೆ.

“ಒಂದು ಹಲಗಿ ಎತ್ತು ಕಾಳಪ್ಪಾ,” ಎಂದರು. ಎತ್ತಿದೆ.

“ಹೊಳ್ಳಿಸಿ ಇಡು.” ಇಟ್ಟೆ. ಎಡಗೈ ಬಲಗೈ ಆಗಿತ್ತು.

“ಚಹಾ ಕುಡಿ, ಆರ್ತದ,” ಎಂದು ಒಳಗೆ ಹೋದರು. ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಬಡಿಗನಾಗಿ ಬಂದವನು ಹೀಗೆ ಹಲಗೆಯ ಜೊತೆ ಅಲ್ಲೇ ಉಳಿದೆ. ಮೊದಲ ವರ್ಷದಲ್ಲಿ ನಾನು ಕೆಡಿಸದ ವಸ್ತುವಿಲ್ಲ. ಅಗ್ಗದ ಕಬ್ಬಿಣದ ಸೂಜಿ ಚುಚ್ಚಿ, ಬಿಳಿ ಸ್ವೆಟರಿಗೆ ಸುತ್ತಲೂ ತುಕ್ಕಿನ ಚುಕ್ಕೆ ಬರಿಸಿದೆ. ಸ್ವೆಟರಿಗೆ ಅಮ್ಮ ಬಂದಂತೆ ಕಂಡಿತು. ಅಂದಿನಿಂದ ಹಿತ್ತಾಳೆಯ ಸೂಜಿ. ಟೋಪಿಗೆ ತಲೆಯ ಆಕಾರ ಕೊಡಲು ಗಡಿಗೆಯನ್ನು ಬೋರಲು ಹಾಕಿ ಅದರ ಮೇಲೆ ಒಣಗಿಸುವುದು ರೂಢಿ. ನಾನು ಹೊಸ ಗಡಿಗೆಗೆ ಬಟ್ಟೆ ಸುತ್ತದೆ ಹಾಗೇ ತೊಡಿಸಿ, ಕೂಸಿನ ಬಿಳಿ ಕುಲಾವಿಯನ್ನು ಕೆಮ್ಮಣ್ಣಿನ ಬಣ್ಣ ಮಾಡಿದೆ. ಆದರೆ ಗಡಿಗೆ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕುಂಬಾರನ ಅಂಗಡಿಯಲ್ಲಿ ಕುಳಿತು, ಗಿರಾಕಿ ತಲೆ ಆಡಿಸುವ ರೀತಿಯನ್ನು ಮಾಡಿ ತೋರಿಸಿ, “ಇಂಥಾ ತಲಿ ಕೊಡು” ಎನ್ನುತ್ತಿದ್ದೆ. ಕುಂಬಾರ ಗಡಿಗೆಗಳನ್ನು ಬಡಿದು ನೋಡಿ, “ಇದು ಭಾಳ ಟೊಳ್ಳು, ಇದು ನಿಂದ ಇರಬೇಕು” ಎನ್ನುತ್ತಿದ್ದ.

ಧಾರವಾಡದ ಮಳೆಯ ಬಗ್ಗೆ ಒಂದು ಮಾತು. ಅದು ಬೀಳುವುದಿಲ್ಲ; ತಿಂಗಳುಗಟ್ಟಲೆ ಗಾಳಿಯಲ್ಲೇ ವಾಸವಾಗಿರುತ್ತದೆ. ಶ್ರಾವಣದಲ್ಲಿ ಹರವಿದ ಸ್ವೆಟರು ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಪಡಸಾಲೆಯೆಲ್ಲ ತೊಯ್ದ ಕುರಿಯ ವಾಸನೆ. ಹಲಗೆಯ ಕೆಳಗೆ ಇದ್ದಿಲಿನ ಶೇಗಡಿ ಇಟ್ಟು ಬೇಗ ಒಣಗಿಸಹೋದರೆ ಉಣ್ಣೆ ಬಿರುಸಾಗುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ; ಒಂದು ಮಫ್ಲರ್ ಸುಟ್ಟರೆ ಸಾಕು. ಅರವತ್ತರ ದಶಕ ಕಳೆಯುವ ಹೊತ್ತಿಗೆ ನೈಲಾನಿನ ದಾರ ಬಂತು. ನೀರು ಹೀರದು, ಬೇಗ ಒಣಗುವುದು ಎಂದು ಕುಣಿದಾಡಿ, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದೆ. ಅದರ ಪ್ರಾಣವೇ ಹೋಗಿ, ನೆನೆದ ಹಪ್ಪಳದಂತೆ ಜೋತುಬಿತ್ತು. ಉಣ್ಣೆಗೆ ಮಾಡಿದ ತಪ್ಪನ್ನು ನೀರು ಹಾಕಿ ತಿದ್ದಬಹುದು, ನೈಲಾನು ಕ್ಷಮಿಸುವುದಿಲ್ಲ.

ಇನ್ನು ಅಕ್ಕೋರು. ಬೆಳ್ಳಿ ಕಟ್ಟಿನ ಚಶ್ಮಾ ಮೂಗಿನ ತುದಿಗೆ ಸರಿಸಿ, “ಎಳೀಬ್ಯಾಡೋ, ಒಪ್ಪಸು” ಎನ್ನುವುದು ಅವರ ಮಂತ್ರ. ಒದ್ದೆ ಉಣ್ಣೆಯನ್ನು ಜಗ್ಗಬಾರದು, ಅಂಗೈಯಿಂದ ತಟ್ಟಿ ತಟ್ಟಿ ಗೆರೆಗೆ ಕರೆತರಬೇಕು ಎಂದು ಅದರ ಅರ್ಥ. ಒಂದು ಶನಿವಾರ ಹೆಣಿಗೆ ಒಪ್ಪಿಸಲು ಬಂದ ಹೆಂಗಸರ ಮುಂದೆ ನಾನು ಸುತ್ತಿಗೆಯ ಹಿಡಿಯನ್ನು ಮೂಗಿನ ಮೇಲೆ ಅಡ್ಡ ಹಿಡಿದು ಚಶ್ಮಾ ಮಾಡಿಕೊಂಡು, “ಎಳೀಬ್ಯಾಡೋ ಕಾಳಪ್ಪಾ, ಒಪ್ಪಸು” ಎಂದು ಹಲಗೆಗೆ ಲಲ್ಲೆಗರೆಯುತ್ತಿದ್ದೆ. ಬಿದ್ದುಬಿದ್ದು ನಗುತ್ತಿದ್ದ ಹೆಂಗಸರು ಒಮ್ಮೆಲೇ ಸೆರಗು ಸರಿಪಡಿಸಿಕೊಂಡರು. ಬೆನ್ನ ಹಿಂದಿನಿಂದ ಅದೇ ದನಿ ಬಂತು.

“ದನಿ ಛಲೋ ಬಂದದ. ಆದ್ರ ನಾ ಚಶ್ಮಾ ಎಡಗೈಲೆ ಸರಸ್ತೀನಿ.”

ಬೈಯಲಿಲ್ಲ. ಬದಲಿಗೆ ಒಬ್ಬ ವಕೀಲರ ಸ್ವೆಟರನ್ನು ಹಲಗೆಯ ಮೇಲೆ ಹಾಕಿ, “ಅವರು ಹೆಂಗ ನಿಲ್ತಾರ, ಮಾಡಿ ತೋರಸು” ಎಂದರು. ಮಾಡಿದೆ. ವಕೀಲರು ಕಡತದ ಚೀಲ ಹೊತ್ತು ಹೊತ್ತು ಬಲಭುಜ ಅರ್ಧ ಬೆರಳು ಇಳಿದಿತ್ತು. ಆ ಕಡೆ ಅರ್ಧ ಬೆರಳು ಇಳಿಸಿ ಸೂಜಿ ಹಾಕಿಸಿದರು. ವಕೀಲರು ತೊಟ್ಟು, “ಇದು ನನ್ನ ಮೈಮ್ಯಾಲೆ ಬೆಳದಂಗ ಅದ” ಎಂದರಂತೆ. ಅಂದಿನಿಂದ ಗಿರಾಕಿಯಂತೆ ನಿಲ್ಲುವುದೂ ನನ್ನ ಕೆಲಸವಾಯಿತು, ನನ್ನ ತಲೆಯೂ ತಿರುಗಿತು. ಅಳತೆ ಕೊಡುವಾಗ ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿಕೊಂಡಿದ್ದ ಒಬ್ಬ ಹೆಡ್‌ಮಾಸ್ತರರ ಸ್ವೆಟರಿಗೆ ನಾನು ಉಸಿರು ಬಿಟ್ಟ ಹೊಟ್ಟೆಯನ್ನು ಕೂಡಿಸಿ ಕಳಿಸಿದೆ. ಸ್ವೆಟರು ಅಚ್ಚುಕಟ್ಟಾಗಿ ಕುಳಿತಿತು. ಅವರ ಹೆಂಡತಿ ಮೆಚ್ಚಿಕೊಂಡರು. ಅವರು ಮಾತ್ರ ನನ್ನ ಕಂಡರೆ ರಸ್ತೆ ದಾಟುತ್ತಿದ್ದರು.

ಈ ಗರ್ವದ ಕಾಲದಲ್ಲೇ ನಡೆದದ್ದು ನೀಲವ್ವನ ಪ್ರಕರಣ. ನಿಮಗೆ ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಹಾರ ಹಾಕಿಸಿಕೊಂಡ ಋಣಕ್ಕೆ.

ನೀಲವ್ವ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿದ ಮೇಲೆ ಐದನೇ ಇಯತ್ತೆ ಓದುವ ಮಗಳನ್ನು ಕರೆದುಕೊಂಡು ಧಾರವಾಡದ ಅಣ್ಣನ ಮನೆಯಲ್ಲಿದ್ದಳು. ಹುಬ್ಬಳ್ಳಿ ಕಡೆಯ ಹಳ್ಳಿಯಿಂದ ಗಂಡನ ಮನೆಯವರು ಹೇಳಿಕಳಿಸುತ್ತಲೇ ಇದ್ದರು: ಹೊಲದಾಗ ಆಳಿಲ್ಲ, ತಾಯಿ ಮಗಳು ಇಬ್ಬರೂ ಬರ್ರಿ, ಹೆಣ್ಣ ಹುಡುಗಿಗೆ ಸಾಲಿ ಯಾಕ? ಮಂಡಳಿಯ ಹೆಣಿಗೆ ಇರುವವರೆಗೆ ಅಣ್ಣ ಅವರಿಗೆ ಇಲ್ಲವೆನ್ನುತ್ತಿದ್ದ. “ಉಣ್ಣಿ ನಿಂತ ದಿನ ನಮ್ಮಣ್ಣನ ಬಾಗಲಕ್ಕ ಚಕ್ಕಡಿ ಬಂದ ನಿಂತಿರತೈತಿ” ಎಂದು ನೀಲವ್ವ ತಮಾಷೆಯಂತೆ ಹೇಳುತ್ತಿದ್ದಳು. ತಮಾಷೆ ಅಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಅವಳ ಹೆಣಿಗೆ ಸಾಲು ಸಾಲೂ ಒಂದೇ ಸಮ, ಜೋಳದ ತೆನೆಯಂತೆ. ಆದರೆ ಕೈ ಬಿಗಿ. ಕುಣಿಕೆ ಎಣಿಸಿದರೆ ಸರಿ ಇರುತ್ತಿತ್ತು, ಹಲಗೆಗೆ ಹಾಕಿದರೆ ಗಿಡ್ಡ. ಮಂಡಳಿಯ ನಿಯಮ: ಅಳತೆಗೆ ಬಾರದೆ ಮೂರು ಸಲ ಹೆಣಿಗೆ ವಾಪಸಾದರೆ ಉಣ್ಣೆ ಬಂದ್. ಅವಳದು ಎರಡು ಸಲ ವಾಪಸಾಗಿತ್ತು.

ಆಗ ನಾನು ಮಾಡಿದ ಘನಕಾರ್ಯವೆಂದರೆ, ಶನಿವಾರದ ಹೆಂಗಸರ ಮುಂದೆ ಅವಳಂತೆ ಹೆಣೆದು ತೋರಿಸಿದ್ದು. ಮೊಳಕೈ ಪಕ್ಕೆಗೆ ಒತ್ತಿ, ಹಲ್ಲು ಕಚ್ಚಿ, ಯಾರೋ ದಾರ ಕಸಿದುಕೊಳ್ಳುತ್ತಾರೆ ಎನ್ನುವಂತೆ ಜಗ್ಗಿ ಜಗ್ಗಿ. ಎಲ್ಲರೂ ನಕ್ಕರು. ನೀಲವ್ವನೂ ನಕ್ಕಳು. “ಭಾಡ್ಯಾ, ನಿನ್ನ ಬಾಯಿ ಹೆಣೀಬೇಕು ಮೊದಲ” ಎಂದಳು. ಆದರೆ ಮುಂದಿನ ವಾರ ಅವಳು ತಂದ ಹೆಣಿಗೆ ಇನ್ನೂ ಬಿಗಿಯಾಗಿತ್ತು, ಎರಡು ಬೆರಳು ಗಿಡ್ಡ. ಅಕ್ಕೋರು ಉಣ್ಣೆ ತರಲು ಹುಬ್ಬಳ್ಳಿಗೆ ಹೋಗಿದ್ದರು. ಅಳತೆ ನೋಡುವವನು ನಾನೊಬ್ಬನೇ.

ನೋಡಿದೆ. ಮೂರನೆಯದು. ನನ್ನ ನಗೆಯಾಟವೇ ಅವಳ ಬೆರಳಿಗೆ ಇಳಿದಿತ್ತು.

ಒಪ್ಪಿಸಲಿಲ್ಲ, ಎಳೆದೆ. ನೀರಿನಲ್ಲಿ ದುಪ್ಪಟ್ಟು ಹೊತ್ತು ನೆನೆಸಿ, ಕಾಲು ಕೊಟ್ಟು ನೇಗಿಲ ಮಿಣಿ ಬಿಗಿದಂತೆ ಜಗ್ಗಿ, ಒಂದು ಸೂಜಿಯ ಜಾಗದಲ್ಲಿ ಮೂರು ಚುಚ್ಚಿದೆ. ಒಣಗಿ ಎದ್ದಾಗ ಅಳತೆ ಗೆರೆಗೆ ಗೆರೆ ಸರಿ. ಅಕ್ಕೋರು ಟೇಪು ಹಿಡಿದು ನೋಡಿ, “ನೀಲವ್ವನ ಕೈ ಸುಧಾರಿಸೇದ” ಎಂದರು. ನೀಲವ್ವನಿಗೂ ಅದನ್ನೇ ಹೇಳಿದರು. ಅವಳು ಹಿಗ್ಗಿದ ಹಿಗ್ಗಿಗೆ, ನಿಜ ಹೇಳುವ ಬಾಯಿ ನನಗಿರಲಿಲ್ಲ. ಹೀಗೆ ಒಂದಾಯಿತು, ಎರಡಾಯಿತು. ಆ ಚಳಿಗಾಲದಲ್ಲಿ ಏಳು ಸ್ವೆಟರು ಎಳೆದೆ. ನಾನೇ ಅವಳ ಪಾಲಿನ ದೇವರು ಎಂದುಕೊಂಡಿದ್ದೆ. ನನ್ನಂಥ ದೇವರ ವರ ಒಂದು ಒಗೆತದವರೆಗೆ ಮಾತ್ರ.

ಏಳನೆಯದು ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಇತಿಹಾಸದ ಲೆಕ್ಚರರೊಬ್ಬರದು. ತೆಂಗಿನ ಗಿಡದಂಥ ಎತ್ತರ. ಒಂದು ಶನಿವಾರ, ಹೆಂಗಸರೆಲ್ಲ ಕುಳಿತಿದ್ದಾಗಲೇ ಬಂದರು. ಮೇಲಿನ ಕೋಟು ಬಿಚ್ಚಿದರು. ಸ್ವೆಟರಿನ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆಯೇ ನಿಂತಿತ್ತು. ಕೆಳಗಿನ ಅಂಚು ಧೋತರದವರೆಗೆ ಮುಟ್ಟಲು ಒಲ್ಲೆನೆಂದಿತ್ತು.

“ಅಕ್ಕೋರ, ನಾನ ಬೆಳದೇನೋ, ಇದ ಸಣ್ಣದಾಗೇದೋ, ನೀವ ಹೇಳ್ರಿ.”

“ಬಿಸಿನೀರಾಗ ಹಾಕಿದ್ರೇನು?”

“ಇಲ್ಲರೀ. ನೀವು ಹೇಳಿದಂಗ ತಣ್ಣೀರಾಗ ಅದ್ದಿ ನೆಳ್ಳಾಗ ಹರವಿದ್ದೆ.”

ಅಕ್ಕೋರು ಕುತ್ತಿಗೆಯ ಒಳಪಟ್ಟಿ ಹೊರಳಿಸಿ ನೋಡಿದರು. ಯಾರ ಹೆಣಿಗೆ ಎಂಬ ಗುರುತಿಗೆ ಅಲ್ಲಿ ಬಣ್ಣದ ದಾರದ ಗಂಟು ಇರುತ್ತಿತ್ತು. ಹಸಿರು ಗಂಟು.

“ನಂದ್ರೀ ಅಕ್ಕೋರ,” ಎಂದಳು ನೀಲವ್ವ, ಎದ್ದು ನಿಂತು. ಯಾರೂ ಮೂರನೆಯದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವಳೇ ಉಣ್ಣೆಯ ಚೀಲವನ್ನು ಅಕ್ಕೋರ ಮುಂದೆ ಇಟ್ಟಳು.

ಅಕ್ಕೋರು ಚೀಲ ನೋಡಲಿಲ್ಲ, ಸ್ವೆಟರಿನ ಅಂಚನ್ನೇ ನೋಡುತ್ತಿದ್ದರು. ಒತ್ತೊತ್ತಾಗಿ ಸೂಜಿ ಚುಚ್ಚಿ ಜಗ್ಗಿದ ಕಡೆಯೆಲ್ಲ ಅಂಚು ಅಲೆಅಲೆಯಾಗಿ ಉಳಿದಿತ್ತು, ಒಗೆದರೂ ಹೋಗಿರಲಿಲ್ಲ. ಚಶ್ಮಾ ಸರಿಸಿ ನನ್ನ ಕಡೆ ತಿರುಗಿದರು. ನನಗೆ ಅಭ್ಯಾಸಬಲ, ಬಾಯಿ ತೆರೆದರೆ ಆ ವಕೀಲರ ದನಿಯೇ ಹೊರಟಿತು: “ಇದರಾಗ ಏನಾಗೇದಪಾ ಅಂದ್ರ...”

“ಯಾರ ದನೀನೂ ಬ್ಯಾಡ. ನಿನ್ನ ದನ್ಯಾಗ ಹೇಳು.”

ಹುಡುಕಿದೆ. ಸಿಕ್ಕ ದನಿ ಬಹಳ ಸಣ್ಣದಾಗಿತ್ತು. “ನಾ ಎಳದೇನ್ರೀ.”

“ಎಷ್ಟು?”

“ಎರಡ ಬೆರಳು.”

“ಇದೊಂದ ಏನು?”

“ಏಳು, ಅಕ್ಕೋರ.”

ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಅವಳು ಅತ್ತಿದ್ದರೆ, ಬೈದಿದ್ದರೆ ನನಗೊಂದು ದಾರಿ ಇರುತ್ತಿತ್ತು. ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು, ಅಷ್ಟೇ. ಸುಧಾರಿಸಿದೆ ಎಂದು ಒಂದು ಚಳಿಗಾಲವೆಲ್ಲ ನಂಬಿದ್ದ ಕೈ.

ಅಕ್ಕೋರು ಲೆಕ್ಚರರಿಗೆ ಕ್ಷಮೆ ಕೇಳಿ, ಸ್ವೆಟರು ಇಟ್ಟುಕೊಂಡು ಕಳಿಸಿದರು. ಆಮೇಲೆ, “ಚೀಲ ಎತ್ಕೋ ನೀಲವ್ವಾ, ನಾ ಇನ್ನೂ ಏನೂ ಹೇಳಿಲ್ಲ. ಇಲ್ಲೇ ಕೂತು ಹತ್ತು ಸಾಲು ಹೆಣಿ, ನೋಡ್ತೀನಿ” ಎಂದರು. ನೀಲವ್ವ ಹೆಣೆದಳು. ಅಕ್ಕೋರು ಮೊದಲ ಸಲ ಅವಳ ಹೆಣಿಗೆಯನ್ನು ಬಿಟ್ಟು ಕೈಯನ್ನು ನೋಡಿದರು. ಎಲ್ಲರ ಹೆಣಿಗೆ ಒಂದೇ ಅಳತೆಗೆ ಬರಲಿ ಎಂದು ಮಂಡಳಿ ಎಲ್ಲರಿಗೂ ಒಂದೇ ದಪ್ಪದ ಕಡ್ಡಿ ಕೊಡುತ್ತಿತ್ತು. ಹತ್ತನೆಯ ಸಾಲಿಗೆ ಅಕ್ಕೋರು ಹಣೆ ತಟ್ಟಿಕೊಂಡರು.

“ಬಿಗಿ ಕೈಗೆ ದಪ್ಪ ಕಡ್ಡಿ ಕೊಡಬೇಕು. ಇಷ್ಟ ವರ್ಷ ಸಾಲ್ಯಾಗ ಹುಡುಗ್ಯಾರಿಗೆ ಕಲಿಸಿದಾಕಿ ನಾನು, ನಿಯಮ ನೋಡಿದೆ, ಕೈ ನೋಡಲಿಲ್ಲ.” ನನ್ನ ಕಡೆ ತಿರುಗಿದರು. “ನೀ ಬಡಿಗ್ಯಾರ ಹುಡುಗ. ಏಳು ಸ್ವೆಟರು ಎಳದಿ. ಒಂದು ಜೋಡಿ ಕಡ್ಡಿ ಕೆತ್ತೂದು ಹೊಳೀಲಿಲ್ಲೇನು?”

ಹೊಳೆದಿರಲಿಲ್ಲ. ಕೈಯಲ್ಲಿ ಹಲಗೆ ಇದ್ದವನಿಗೆ ಲೋಕವೆಲ್ಲ ಎಳೆಯುವುದಕ್ಕೇ ಇದೆ ಎನಿಸುತ್ತದೆ.

ಅಕ್ಕೋರು ನಿಯಮವನ್ನು ಕೈಬಿಡಲಿಲ್ಲ. ಹೊಸ ಕಡ್ಡಿಯಿಂದ ಒಂದು ಬೆನ್ನಿನ ಭಾಗ ಹೆಣೆಯಬೇಕು; ಎಲ್ಲರ ಮುಂದೆ ತೊಳೆದು, ಒಂದೂ ಸೂಜಿ ಚುಚ್ಚದೆ ಒಣಗಿಸಬೇಕು; ಗೆರೆ ಮುಟ್ಟಿದರೆ ಸರಿ, ಮುಟ್ಟದಿದ್ದರೆ ಅದೇ ಮೂರನೆಯದು.

ಬಿದಿರು ಸೀಳಿ, ಗಾಜಿನ ಚೂರಿನಿಂದ ಹೆರೆದು, ಕುಸುಬಿ ಎಣ್ಣೆ ತಿಕ್ಕಿ ಕಡ್ಡಿ ಮಾಡಿದೆ. ಮೊದಲ ಜೋಡಿ ಉತ್ಸಾಹದಲ್ಲಿ ಎಷ್ಟು ದಪ್ಪವಾಯಿತೆಂದರೆ, ನೀಲವ್ವ ನಾಲ್ಕು ಸಾಲು ಹೆಣೆದು, “ಇದರಾಗ ಮೀನ ಹಿಡೀಬಹುದು” ಎಂದು ಎಸೆದಳು. ಎರಡನೆಯದರ ಸಿಬಿರು ಉಣ್ಣೆಯನ್ನು ಕಚ್ಚಿತು. ಮೂರನೆಯ ಜೋಡಿಯನ್ನು ನಾನು ಕೆನ್ನೆಗೆ ಉಜ್ಜಿ ಉಜ್ಜಿ ನೋಡಿ ಕೊಟ್ಟೆ. ಅವಳು ತೆಗೆದುಕೊಂಡು ಕುಣಿಕೆ ಹಾಕತೊಡಗಿದಳು.

ಅವಳು ಹೆಣೆಯುವಷ್ಟು ದಿನ ನಾನು ಉಳಿದ ಆರು ಮನೆಗಳ ಬಾಗಿಲು ಬಡಿದೆ. ಅಕ್ಕೋರ ಶಿಕ್ಷೆ ಅದು: ನಿಮ್ಮ ಸ್ವೆಟರು ಒಗೆದರೆ ಗಿಡ್ಡಾಗುತ್ತದೆ, ತಪ್ಪು ನನ್ನದು ಎಂದು ನನ್ನ ಬಾಯಿಂದಲೇ ಹೇಳಬೇಕು. ಇಬ್ಬರು ಬೈದರು. ಒಬ್ಬರು ಸ್ವೆಟರನ್ನು ಇನ್ನೂ ಒಗೆದೇ ಇರಲಿಲ್ಲ. “ಹಂಗಾರ ಒಗಿಯೂದ ಬ್ಯಾಡ ಬಿಡಪಾ” ಎಂದರು. ಇಬ್ಬರ ಸ್ವೆಟರಿಗೆ ಕೆಳಗೆ ಪಟ್ಟಿ ಹೆಣೆದು ಸೇರಿಸಬೇಕಾಯಿತು. ಒಬ್ಬ ಮುದುಕಿ ಮಾತ್ರ, “ಪಟ್ಟಿ ಒಲ್ಲೆ. ಒಗದಾಗೊಮ್ಮೆ ನೀನ ಬಂದ ಎಳದ ಹೋಗು” ಎಂದಳು. ಆ ಸ್ವೆಟರು ಹರಿಯುವವರೆಗೆ ಹೋದೆ.

ಪರೀಕ್ಷೆಯ ದಿನ ನೀಲವ್ವ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಅಕ್ಕೋರು ತಾವೇ ಹೆಣಿಗೆಯನ್ನು ಅದ್ದಿ, ಒತ್ತಿ, ಹಲಗೆಯ ಮೇಲೆ ಹರವಿ, ಅಂಗೈಯಿಂದ ನಾಲ್ಕು ಸಲ ತಟ್ಟಿ ಬಿಟ್ಟರು. ಒದ್ದೆ ಉಣ್ಣೆ ಯಾವಾಗಲೂ ಉದ್ದ ಕಾಣುತ್ತದೆ, ಅದನ್ನು ನಂಬಬಾರದು. ಹೊರಗೆ ಅಕಾಲದ ಜಿಟಿಜಿಟಿ ಮಳೆ ಹತ್ತಿತ್ತು. ಎರಡು ದಿನ ಅದು ಒಣಗಲಿಲ್ಲ. ನಾನು ಹಲಗೆಯ ಹತ್ತಿರ ಹೋದಾಗಲೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಹೋಗುತ್ತಿದ್ದೆ. ಮೂರನೆಯ ದಿನ ಅಕ್ಕೋರು ಟೇಪು ಹಿಡಿದರು. ಮೇಲಿನ ಗೆರೆ ಸರಿ. ಬಗಲು ಸರಿ. ಕೆಳಗಿನ ಅಂಚು ಗೆರೆಯ ಮೇಲೆ ಕುಳಿತಿತ್ತು.

“ಇನ್ನ ಈಕಿ ಹೆಣಿಗಿಗೆ ಇದ ಕಡ್ಡಿ,” ಎಂದು ಅಕ್ಕೋರು ಉಣ್ಣೆಯ ನಾಲ್ಕು ಲಡಿ ತೆಗೆದು ನೀಲವ್ವನ ಚೀಲಕ್ಕೆ ಹಾಕಿದರು. ಹೆಂಗಸರು ಒಟ್ಟಿಗೆ ಮಾತಾಡತೊಡಗಿದರು. ನೀಲವ್ವ ಮಗಳ ಕೈಗೆ ಚೀಲ ಕೊಟ್ಟು ಸೀದಾ ನನ್ನ ಹಲಗೆಯ ಹತ್ತಿರ ಬಂದಳು.

“ಕಾಳ್ಯಾ.”

“ಅಕ್ಕಾ.”

“ಮುಂದ ನನ್ನ ಕೈ ಬಿಗಿ ಆತಂದ್ರ ಹಲಿಗಿಗೆ ಹೇಳಬ್ಯಾಡ. ನನಗ ಹೇಳು.”

ಮುಂದಿನ ತಿಂಗಳೇ ಹೇಳಬೇಕಾಗಿ ಬಂತು. ಮಗಳಿಗೆ ಜ್ವರ ಬಂದ ವಾರ ಹೆಣೆದ ಒಂದು ತೋಳು ಒಂದು ಬೆರಳು ಗಿಡ್ಡ ಬಂದಿತ್ತು. ನಾನು ಹಲಗೆಯಿಂದ ಅದನ್ನು ಎತ್ತಿ, ಎಲ್ಲರ ಎದುರು ಅಲ್ಲ, ಹಿತ್ತಲಿಗೆ ಕರೆದು, ನನ್ನ ಆ ಸಣ್ಣ ದನಿಯಲ್ಲೇ, “ಅಕ್ಕಾ, ಇದು ಬಿಗಿ ಆಗೇತಿ” ಎಂದೆ. ಅವಳು ತೋಳನ್ನು ಕಸಿದುಕೊಂಡು, ಕಟ್ಟೆಯ ಮೇಲೆ ಕುಳಿತು, ತುದಿ ಬಿಚ್ಚಿ ಎಳೆಯತೊಡಗಿದಳು. ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತಿದ್ದ ಅಷ್ಟು ಹೊತ್ತೂ ನನ್ನನ್ನು, ನನ್ನ ಊರನ್ನು, ನನ್ನ ಕಣ್ಣನ್ನು, ನನ್ನ ಟೇಪನ್ನು ಬೈದಳು. ನಾನು ಎದುರಿಗೆ ಕುಳಿತು ಉಂಡೆ ಸುತ್ತಿದೆ.